ಧ್ರುವಕ್ಕೆ ಗನ್ ಕೂರಿಸುವಾಗ: ತೂಕ, ತಂತಿ, ಕಂಪನದ ಲೆಕ್ಕ

ಎಚ್‌ಎಎಲ್ ತಯಾರಿಸುವ ಧ್ರುವ ಹೆಲಿಕಾಪ್ಟರಿನ ಮೂತಿಯ ಕೆಳಗೆ 20 ಮಿ.ಮೀ. ಗನ್ ಟರೆಟ್ (ಗನ್ ಹೊತ್ತು ತಿರುಗುವ ಪೀಠ) ಕೂರಿಸಿ, ಎರಡೂ ಪಕ್ಕಕ್ಕೆ ಗಿಡ್ಡ ರೆಕ್ಕೆ ಜೋಡಿಸಿ, ರಾಕೆಟ್ ಪಾಡ್ ತೂಗುಹಾಕಿದರೆ ರುದ್ರ, ಅಂದರೆ ಆಯುಧ ಹೊತ್ತ ಧ್ರುವ, ತಯಾರು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಗನ್ ಕೂರಿಸುವುದು ನಾಲ್ಕು ದಿನದ ಕೆಲಸ. ಅದನ್ನು ಕೂರಿಸಿದ್ದರಿಂದ ಕೆಟ್ಟುಹೋದ ಬೇರೆ ಲೆಕ್ಕಗಳನ್ನು ಸರಿಮಾಡುವುದಕ್ಕೆ ವರ್ಷಗಳು ಬೇಕು. ಆಯುಧ ಅಳವಡಿಸಿದ ಧ್ರುವ ಮೊದಲು ಹಾರಿದ್ದು 2007ರ ಆಗಸ್ಟ್‌ನಲ್ಲಿ, ಅದಕ್ಕೆ ಆರಂಭಿಕ ಕಾರ್ಯಾಚರಣೆಯ ಅನುಮತಿ ಸಿಕ್ಕಿದ್ದು 2013ರ ಫೆಬ್ರವರಿಯಲ್ಲಿ. ನಡುವಿನ ಐದೂವರೆ ವರ್ಷದಲ್ಲಿ ಏನು ನಡೆಯುತ್ತದೆ ಎಂಬುದೇ ಈ ಬರಹದ ವಿಷಯ. ಕೆಳಗೆ ಕೊಟ್ಟಿರುವ ಉದಾಹರಣೆಯ ತೂಕ, ಅಳತೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾವುದೇ ಯಂತ್ರದ ದಾಖಲೆಯವಲ್ಲ. ವಿಧಾನ ಮಾತ್ರ ಶಾಪ್ ಫ್ಲೋರಿನದೇ.

ಸಾಗಣೆಗೆಂದು ಮಾಡಿದ ಹೆಲಿಕಾಪ್ಟರಿಗೆ ಹೊಸದಾಗಿ ಬಂದು ಸೇರುವ ಸಾಮಾನು ಇಷ್ಟು: ನೆಕ್ಸ್‌ಟರ್‌ನ ಟಿಎಚ್‌ಎಲ್-20 ಟರೆಟ್, ಅದರೊಳಗೆ ಎಂ621 ಗನ್, ಮೂತಿಯಲ್ಲಿ ಹಗಲು ಕ್ಯಾಮೆರಾ, ಇನ್‌ಫ್ರಾರೆಡ್ ಕ್ಯಾಮೆರಾ ಮತ್ತು ಲೇಸರ್ ಇರುವ ಗೋಳ, ಪೈಲಟ್‌ಗೆ ಗುರಿ ತೋರಿಸುವ ಹೆಲ್ಮೆಟ್, 70 ಮಿ.ಮೀ. ರಾಕೆಟ್, ಆಕಾಶದಿಂದ ಆಕಾಶಕ್ಕೆ ಹಾರುವ ಮಿಸ್ಟ್ರಾಲ್, ರೇಡಾರ್-ಲೇಸರ್-ಕ್ಷಿಪಣಿ ಎಚ್ಚರಿಕೆಯ ಸೆನ್ಸರುಗಳು, ಕ್ಷಿಪಣಿಯ ದಾರಿ ತಪ್ಪಿಸುವ ಉರಿಯುಂಡೆಗಳನ್ನು (ಫ್ಲೇರ್) ಚಿಮ್ಮಿಸುವ ಪೆಟ್ಟಿಗೆ, ಎಂಜಿನ್ ಹೊಗೆಯ ಬಿಸಿ ತಗ್ಗಿಸುವ ಸಪ್ರೆಸರ್, ಇವೆಲ್ಲವನ್ನೂ ಒಂದಕ್ಕೊಂದು ಮಾತಾಡಿಸುವ ಮಿಷನ್ ಕಂಪ್ಯೂಟರ್. ಪಟ್ಟಿಯಲ್ಲಿ ಕಾಣದ್ದು ಇನ್ನೊಂದಿದೆ, ತಂತಿ. ತೂಕದಲ್ಲೂ ತಲೆನೋವಿನಲ್ಲೂ ಮೊದಲ ಸ್ಥಾನ ಅದಕ್ಕೇ.

ಮೊದಲ ದಿನವೇ ತೂಕದ ಪುಸ್ತಕ ತೆರೆಯಬೇಕು. ಪ್ರತಿ ಭಾಗಕ್ಕೆ ಒಂದು ಸಾಲು, ಪ್ರತಿ ಸಾಲಿನಲ್ಲಿ ತೂಕಕ್ಕೆ ಮೂರು ಕಾಲಂ: ಕಂಪನಿ ಹೇಳಿದ್ದು, ಡ್ರಾಯಿಂಗ್‌ನಿಂದ ಲೆಕ್ಕ ಹಾಕಿದ್ದು, ತಕ್ಕಡಿಯಲ್ಲಿ ತೂಗಿದ್ದು. ಮೂರನೆಯದು ತುಂಬುವವರೆಗೆ ಆ ಸಾಲನ್ನು ನಂಬಬೇಡಿ. ಕ್ಯಾಟಲಾಗಿನಲ್ಲಿ 12 ಕಿಲೋ ಎಂದು ಬರೆದಿರುವ ಪೆಟ್ಟಿಗೆ ಕೂರಿಸುವ ಟ್ರೇ, ಕನೆಕ್ಟರ್, ಬ್ರಾಕೆಟ್, ಬೋಲ್ಟು, ಸೀಲೆಂಟ್ ಎಲ್ಲ ಸೇರಿ 15 ದಾಟುತ್ತದೆ. ತಂತಿಯ ಅಂದಾಜಿಗೆ ನಾನಂತೂ ಶುರುವಿನಲ್ಲೇ ಶೇ. 15 ಹೆಚ್ಚು ಸೇರಿಸುತ್ತೇನೆ. ಆಮೇಲೆ ಉಳಿದರೆ ಲಾಭ, ಆದರೆ ಉಳಿಯುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ತೂಕದ ವಿಭಾಗದ ಗೋಡೆಗೆ ಅಂಟಿಸಬಹುದು.

ತೂಕಕ್ಕಿಂತ ಅದು ಎಲ್ಲಿ ಕೂರುತ್ತದೆ ಎಂಬುದು ಹೆಚ್ಚು ಕಾಡುತ್ತದೆ. 5,000 ಕಿಲೋ ತೂಗುವ ಹೆಲಿಕಾಪ್ಟರಿನ ಮೂತಿಗೆ, ರೋಟರ್ ಅಕ್ಷದಿಂದ 3.2 ಮೀಟರ್ ಮುಂದೆ, 180 ಕಿಲೋ ಸೇರಿಸಿದಿರಿ ಎನ್ನಿ. 180ನ್ನು 3.2ರಿಂದ ಗುಣಿಸಿದರೆ 576, ಅದನ್ನು 5,180ರಿಂದ ಭಾಗಿಸಿದರೆ 0.111. ಗುರುತ್ವ ಕೇಂದ್ರ 11 ಸೆಂಟಿಮೀಟರ್ ಮುಂದೆ ಹೋಯಿತು. ಹೆಲಿಕಾಪ್ಟರಿನಲ್ಲಿ ಹಿಂದೆ ಮುಂದೆ ಸರಿಯಲು ಸಿಗುವ ಜಾಗವೇ ಕೆಲವು ಹತ್ತು ಸೆಂಟಿಮೀಟರು, ಅದರಲ್ಲಿ ದೊಡ್ಡ ಪಾಲು ಒಂದೇ ಏಟಿಗೆ ಖರ್ಚು. ಇದರ ಅರ್ಧದಷ್ಟನ್ನಾದರೂ ವಾಪಸ್ ತರಬೇಕೆಂದರೆ ರೋಟರಿನಿಂದ 5 ಮೀಟರ್ ಹಿಂದೆ 58 ಕಿಲೋ ಇಡಬೇಕು. ಸೀಸದ ತುಂಡು ಇಡುವುದು ಸುಲಭದ ದಾರಿ, ನಾಚಿಕೆಗೇಡಿನ ದಾರಿಯೂ ಹೌದು. ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗಳನ್ನೇ ಹಿಂದಕ್ಕೆ ಒಯ್ಯುವುದು ಸರಿಯಾದದ್ದು. ಅದಕ್ಕೂ ಬೆಲೆ ಇದೆ. ಪೆಟ್ಟಿಗೆ ಹಿಂದೆ ಹೋದಷ್ಟೂ ಅದರ ತಂತಿ ಉದ್ದವಾಗುತ್ತದೆ, ತೂಕದ ಪುಸ್ತಕದಲ್ಲಿ ಇನ್ನೊಂದು ಸಾಲು ಬೆಳೆಯುತ್ತದೆ.

ಗುಂಡಿನ ಪೆಟ್ಟಿಗೆಯ ಲೆಕ್ಕ ಬೇರೆಯೇ ಹಾಕಬೇಕು. 20×102 ಮಿ.ಮೀ. ಗುಂಡು ಒಂದಕ್ಕೆ 260 ಗ್ರಾಂ ಆಸುಪಾಸು. 500 ಗುಂಡು ಎಂದರೆ 130 ಕಿಲೋ, ಹಾರಾಟದ ನಡುವೆ ಒಟ್ಟು 38 ಸೆಕೆಂಡಿನ ಗುಂಡಿನ ಸುರಿಮಳೆಯಲ್ಲಿ ಖಾಲಿಯಾಗಬಹುದಾದ ತೂಕ. ಆದ್ದರಿಂದ ಗುರುತ್ವ ಕೇಂದ್ರವನ್ನು ಒಂದೇ ಸ್ಥಿತಿಗೆ ಲೆಕ್ಕ ಹಾಕಿ ಮುಗಿಸುವಂತಿಲ್ಲ. ಇಂಧನ ತುಂಬಿ ಗುಂಡು ಖಾಲಿ, ಇಂಧನ ಖಾಲಿ ಗುಂಡು ತುಂಬಿ, ಒಂದು ಪಕ್ಕದ ಪಾಡ್ ಖಾಲಿ ಇನ್ನೊಂದು ಪಕ್ಕದ್ದು ತುಂಬಿ, ಹೀಗೆ ಪ್ರತಿ ಮೂಲೆಯನ್ನೂ ನೋಡಬೇಕು. ಕೆಟ್ಟ ಮೂಲೆ ಸಾಮಾನ್ಯವಾಗಿ ಯಾರೂ ಯೋಚಿಸದ್ದೇ ಆಗಿರುತ್ತದೆ. ಒಂದು ಕಡೆಯ ಪಾಡ್ ಸಿಡಿಯದೆ ಉಳಿದು, ಇನ್ನೊಂದು ಕಡೆಯದು ಪೂರ್ತಿ ಖಾಲಿಯಾಗಿ, ಕಡಿಮೆ ಇಂಧನದಲ್ಲಿ ಇಳಿಯುವ ಸ್ಥಿತಿ ಅದು.

ತೂಕ ಏರಿತು, ಎಂಜಿನ್ ಬದಲಾಯಿಸೋಣ ಎನ್ನುವುದು ಮುಂದಿನ ಮಾತು. ಹಳೆಯ ಧ್ರುವದಲ್ಲಿದ್ದ ಟಿಎಂ333 ಸುಮಾರು 1,100 ಅಶ್ವಶಕ್ತಿಯದು, ಬೆಂಗಳೂರಿನಲ್ಲಿ ತಯಾರಾಗುವ ಶಕ್ತಿ ಎಂಜಿನ್ 1,400 ಅಶ್ವಶಕ್ತಿಯ ವರ್ಗದ್ದು. ಸಮುದ್ರ ಮಟ್ಟದಲ್ಲಿ ಈ ಹೆಚ್ಚುವರಿ 300ನ್ನು ಪೂರ್ತಿ ಬಳಸಲು ಆಗುವುದಿಲ್ಲ. ಮುಖ್ಯ ಗೇರ್‌ಬಾಕ್ಸ್ ಎಷ್ಟು ಟಾರ್ಕ್ (ತಿರುಚು ಬಲ) ತಡೆಯುತ್ತದೋ ಅಷ್ಟೇ ಮಿತಿ. ಹೊಸ ಎಂಜಿನ್ನಿನ ಲಾಭ ಕಾಣುವುದು ಎತ್ತರದಲ್ಲಿ. ಲೇಹ್ ವಿಮಾನ ನಿಲ್ದಾಣ 3,250 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 72, ಬೇಸಿಗೆಯ ಮಧ್ಯಾಹ್ನ 25 ಡಿಗ್ರಿ ಇದ್ದರೆ ಶೇ. 65. ಎಂಜಿನ್ ಉಸಿರು ಅಷ್ಟೇ ಕಮ್ಮಿಯಾಗುತ್ತದೆ, ರೋಟರ್ ಎತ್ತುವ ಬಲವೂ ಕುಗ್ಗುತ್ತದೆ. ಅಲ್ಲಿ ಗೇರ್‌ಬಾಕ್ಸ್ ಮಿತಿ ಅಡ್ಡ ಬರುವ ಮೊದಲೇ ಎಂಜಿನ್ ದಣಿಯುತ್ತದೆ, ದೊಡ್ಡ ಎಂಜಿನ್ ಆಗ ಕೈಹಿಡಿಯುತ್ತದೆ. ಅಮೆರಿಕದ ಅಪಾಚೆ ಹೆಲಿಕಾಪ್ಟರಿನಲ್ಲೂ ಇದೇ ಪಾಠ. ಡಿ ಮಾದರಿಯಲ್ಲಿ ರೇಡಾರ್, ಎಲೆಕ್ಟ್ರಾನಿಕ್ಸ್ ಸೇರಿ ತೂಕ ಏರಿತು. ಇ ಮಾದರಿಯಲ್ಲಿ 701ಡಿ ಎಂಜಿನ್, ಹೊಸ ಗೇರ್‌ಬಾಕ್ಸ್, ಕಾಂಪೊಸಿಟ್ ಬ್ಲೇಡ್ ಮೂರನ್ನೂ ಒಟ್ಟಿಗೆ ತಂದರು. ಒಂದನ್ನು ಮಾತ್ರ ಬದಲಾಯಿಸಿದ್ದರೆ ಉಳಿದೆರಡು ಕಾಲು ಹಿಡಿದು ಎಳೆಯುತ್ತಿದ್ದವು. ಸಪ್ರೆಸರ್ ಕೂಡ ಎಂಜಿನ್ ಬಾಯಿಗೆ ಕೈ ಅಡ್ಡ ಇಟ್ಟಂತೆಯೇ: ಹೊಗೆಗೆ ಹೊರಗಿನ ಗಾಳಿ ಬೆರೆಸಿ ತಣಿಸುವಾಗ ಹಿಂದೊತ್ತಡ ಹೆಚ್ಚಿ ಸ್ವಲ್ಪ ಶಕ್ತಿ ನುಂಗುತ್ತದೆ. ಆ ನಷ್ಟವನ್ನು ಎಂಜಿನ್ ಸಾಮರ್ಥ್ಯದ ಕೋಷ್ಟಕದಲ್ಲಿ ಬೇರೆ ಸಾಲಾಗಿ ತೋರಿಸದಿದ್ದರೆ ಪೈಲಟ್ ಎತ್ತರದಲ್ಲಿ ಮೋಸ ಹೋಗುತ್ತಾನೆ.

ಇನ್ನು ಕಂಪನ. ಅನುಭವವಿಲ್ಲದ ತಂಡ ಕೈ ಸುಟ್ಟುಕೊಳ್ಳುವುದು ಇಲ್ಲೇ. ಧ್ರುವದ ರೋಟರ್ ನಿಮಿಷಕ್ಕೆ 314 ಸುತ್ತಿನ ಹತ್ತಿರ ತಿರುಗುತ್ತದೆ, ಅಂದರೆ ಸೆಕೆಂಡಿಗೆ 5.2. ಬ್ಲೇಡ್ ನಾಲ್ಕು, ಆದ್ದರಿಂದ ಮೈಗೆ ಬಡಿಯುವ ಮುಖ್ಯ ಕಂಪನ 20.9 ಹರ್ಟ್ಸ್. ಗೇರ್‌ಬಾಕ್ಸ್ ಮತ್ತು ಮೈ ನಡುವೆ ಇರುವ ನಾಲ್ಕು ಐಸೊಲೇಟರುಗಳನ್ನು (ಕಂಪನ ತಡೆಯುವ ಜೋಡಣೆ) ಇದೇ ಆವರ್ತಕ್ಕೆ ಶ್ರುತಿ ಮಾಡಿರುತ್ತಾರೆ. ಗನ್ ನಿಮಿಷಕ್ಕೆ 800 ಗುಂಡು ಹಾರಿಸಿದರೆ 13.3 ಹರ್ಟ್ಸ್, ಅದರ ಎರಡರಷ್ಟು 26.7. ಹೊಸ ಸಾಮಾನಿನ ಸಹಜ ಆವರ್ತ, ಅಂದರೆ ಬಡಿದಾಗ ಅದು ತಾನಾಗಿ ನಡುಗುವ ವೇಗ, ಈ ಮೂರೂ ಸಂಖ್ಯೆಗಳಿಂದ ದೂರವಿರಬೇಕು.

ಎಷ್ಟು ಸುಲಭವಾಗಿ ತಪ್ಪಬಹುದು ನೋಡಿ. 30 ಕಿಲೋ ತೂಗುವ ಕ್ಯಾಮೆರಾ ಗೋಳ, ಬ್ರಾಕೆಟ್ ಸಮೇತ 25 ಹರ್ಟ್ಸ್‌ನಲ್ಲಿ ಕೂತಿದೆ, ರೋಟರಿನಿಂದ ತೊಂದರೆಯಿಲ್ಲ. ಇದಕ್ಕಿಂತ ಚೆನ್ನಾಗಿ ಕಾಣುವ ಹೊಸ ಗೋಳ ಬಂತು, ತೂಕ 43 ಕಿಲೋ. ಬೋಲ್ಟಿನ ತೂತು ಅದೇ, ಬ್ರಾಕೆಟ್ ಅದೇ, ಬಲದ ಲೆಕ್ಕ ಪಾಸ್. ಸಹಜ ಆವರ್ತ ಮಾತ್ರ ತೂಕದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. 43ನ್ನು 30ರಿಂದ ಭಾಗಿಸಿದರೆ 1.43, ವರ್ಗಮೂಲ 1.2, 25ನ್ನು ಅದರಿಂದ ಭಾಗಿಸಿದರೆ 20.9. ನೇರವಾಗಿ ರೋಟರಿನ ಬಾಯಿಗೆ ಹೋಗಿ ಬಿದ್ದಂತೆ. ಹಳೆಯ ಕ್ಯಾಮೆರಾಕ್ಕಿಂತ ಹೊಸದರಲ್ಲಿ ಚಿತ್ರ ಮಸುಕಾಗಿ ಕಂಡು, ತಪ್ಪು ಕ್ಯಾಮೆರಾದ್ದೆಂದು ತಿಂಗಳುಗಟ್ಟಲೆ ಕಂಪನಿಯೊಂದಿಗೆ ಪತ್ರ ವ್ಯವಹಾರ ನಡೆಯುವುದು ಇಂಥಲ್ಲೇ. ಹಾರಿಸುವ ಮೊದಲು ಹ್ಯಾಂಗರಿನಲ್ಲೇ ಬಡಿದು ನೋಡಿ: ಅಳತೆಯ ಸುತ್ತಿಗೆ, ಗೋಳದ ಮೇಲೆ ಮೂರು ದಿಕ್ಕಿಗೆ ಆಕ್ಸಿಲರೋಮೀಟರ್, ಒಂದು ಮಧ್ಯಾಹ್ನದ ಕೆಲಸ. ಬ್ರಾಕೆಟ್ ಗಟ್ಟಿ ಮಾಡಿ ಆವರ್ತವನ್ನು ಮೇಲೆ ತಳ್ಳುವುದಾದರೆ 26.7 ಕಾದಿದೆ ಎಂಬುದು ನೆನಪಿರಲಿ. ಎರಡರ ನಡುವಿನ ಕಿಂಡಿ ಕಿರಿದು, 30 ದಾಟಿಸುವುದು ನೆಮ್ಮದಿ.

ಗನ್ನಿನ ಹಿಮ್ಮೆಟ್ಟು ಬಲವನ್ನೂ ಕೈಲೆಕ್ಕದಲ್ಲಿ ಹಿಡಿಯಬಹುದು. ಗುಂಡಿನ ತಲೆ 100 ಗ್ರಾಂ, ವೇಗ ಸೆಕೆಂಡಿಗೆ 1,030 ಮೀಟರ್, ಸೆಕೆಂಡಿಗೆ 13.3 ಗುಂಡು: ಗುಣಿಸಿದರೆ 1,370 ನ್ಯೂಟನ್. ಮದ್ದಿನ ಅನಿಲದ ಪಾಲು ಸೇರಿಸಿದರೆ ಸರಾಸರಿ 2,000 ನ್ಯೂಟನ್ ಎಂದು ಹಿಡಿಯಿರಿ. ನೇರ ಮುಂದೆ ಹೊಡೆದರೆ ಚಿಂತೆಯಿಲ್ಲ. ಟರೆಟ್ ಪಕ್ಕಕ್ಕೆ 90 ಡಿಗ್ರಿ ತಿರುಗಿಸಿ ಹೊಡೆದರೆ, 3.2 ಮೀಟರ್ ತೋಳಿನಲ್ಲಿ 6,400 ನ್ಯೂಟನ್-ಮೀಟರ್ ತಿರುಚು ಮೂತಿಯನ್ನು ಹೊಡೆದ ದಿಕ್ಕಿನ ಎದುರಿಗೆ ತಳ್ಳುತ್ತದೆ. 8 ಮೀಟರ್ ಹಿಂದಿರುವ ಬಾಲದ ರೋಟರ್ 800 ನ್ಯೂಟನ್ ಹೆಚ್ಚು ಒತ್ತಿ ಅದನ್ನು ತಡೆಯಬೇಕು. ಎತ್ತರದಲ್ಲಿ ಬಾಲದ ರೋಟರಿಗೂ ಗಾಳಿ ತೆಳು, ಒಂದು ದಿಕ್ಕಿನ ಗಾಳಿಯಲ್ಲಿ ಬಾಲದ ರೋಟರನ್ನು ನಿಯಂತ್ರಿಸುವ ಪೆಡಲ್ ಆಗಲೇ ತುದಿಗೆ ಹೋಗಿರುತ್ತದೆ. ಇದಕ್ಕೆ ಎರಡು ಮದ್ದು. ಟ್ರಿಗರ್ ಮತ್ತು ಟರೆಟ್ ಕೋನದ ಸಿಗ್ನಲನ್ನು ಆಟೊಪೈಲಟ್‌ಗೆ ಮುಂಚಿತವಾಗಿ ಕೊಟ್ಟು, ಮೂತಿ ತಿರುಗುವ ಮೊದಲೇ ಪೆಡಲ್ ಒತ್ತಿಸುವುದು ಒಂದು. ಆಟೊಪೈಲಟ್ ಇಲ್ಲದ ಸ್ಥಿತಿಯಲ್ಲಿ ಪಕ್ಕದ ಕೋನಕ್ಕೆ ಸಾಫ್ಟ್‌ವೇರಿನಲ್ಲೇ ಬೇಲಿ ಹಾಕುವುದು ಇನ್ನೊಂದು. ಎರಡೂ ಬೇಕು.

ಈಗ ತಂತಿಗೆ ಬರೋಣ. ಧ್ರುವದ ಮೈಯಲ್ಲಿ ಕಾಂಪೊಸಿಟ್ ಬಹಳ. ಹಳೆಯ ಅಲ್ಯೂಮಿನಿಯಂ ಯಂತ್ರಗಳ ರೂಢಿಯಲ್ಲಿ ಮೈಯನ್ನೇ ಹಿಂದಿರುಗುವ ತಂತಿಯಾಗಿ ಬಳಸುವವರು ಇಲ್ಲಿ ಬೇಸ್ತು ಬೀಳುತ್ತಾರೆ. ಹೋಗುವುದಕ್ಕೊಂದು, ಬರುವುದಕ್ಕೊಂದು ತಂತಿ ಎಳೆಯಲೇಬೇಕು. 20 ಗೇಜಿನ ತಾಮ್ರದ ತಂತಿಯ ರೋಧ ಮೀಟರಿಗೆ 33 ಮಿಲಿಓಮ್. 8 ಮೀಟರ್ ದೂರಕ್ಕೆ 7.5 ಆಂಪಿಯರ್ ಹರಿದರೆ ಹೋಗುವಾಗ 2 ವೋಲ್ಟ್, ಬರುವಾಗ 2 ವೋಲ್ಟ್ ನಷ್ಟ. 28 ವೋಲ್ಟ್ 24ಕ್ಕೆ ಇಳಿಯಿತು. ವಿಮಾನದ ವಿದ್ಯುತ್ತಿಗಿರುವ ಅಮೆರಿಕದ ಸೇನಾ ಮಾನದಂಡ ಮಿಲ್-ಸ್ಟ್ಯಾಂಡರ್ಡ್ 704 ಪ್ರಕಾರ ಪೆಟ್ಟಿಗೆಗಳು 22ರಿಂದ 29 ವೋಲ್ಟ್‌ವರೆಗೆ ಕೆಲಸ ಮಾಡಬೇಕು, ಹಾಗಾಗಿ ಬೆಂಚಿನಲ್ಲಿ ಎಲ್ಲವೂ ಸರಿ. ಯಂತ್ರದಲ್ಲಿ ಟರೆಟ್ ಮೋಟಾರ್ ಜೋರಾಗಿ ತಿರುಗಿದ ಕ್ಷಣ ಬಸ್ (ಎಲ್ಲ ಪೆಟ್ಟಿಗೆಗೂ ವಿದ್ಯುತ್ ಹಂಚುವ ಮುಖ್ಯ ಸಾಲು) ಇನ್ನೆರಡು ವೋಲ್ಟಿಗಿಂತ ಹೆಚ್ಚು ಕುಸಿದು ಪರದೆ ಕಪ್ಪಾಗುತ್ತದೆ, ಮರುಕ್ಷಣ ಸರಿಯಾಗುತ್ತದೆ. ದೋಷಗಳನ್ನು ಬರೆದಿಡುವ ಸ್ನ್ಯಾಗ್ ಪುಸ್ತಕದಲ್ಲಿ ‘ಆಗಾಗ ಪರದೆ ಹೋಗುತ್ತದೆ, ನೆಲದಲ್ಲಿ ಪುನರಾವರ್ತನೆ ಆಗಿಲ್ಲ’ ಎಂದು ಬರೆದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೂ ದಪ್ಪನೆಯ 16 ಗೇಜಿಗೆ ಬದಲಾಯಿಸಿದರೆ ನಷ್ಟ ಎರಡೂ ಕಡೆ ಸೇರಿ 1.6 ವೋಲ್ಟಿಗೆ ಬರುತ್ತದೆ, ತಾಮ್ರದ ತೂಕ ಆ ಒಂದು ಜೋಡಿಗೆ 115 ಗ್ರಾಂ ಏರುತ್ತದೆ. ಅಂಥ ನೂರು ಜೋಡಿಗೆ 11 ಕಿಲೋ. ಯಾವುದಕ್ಕೆ ದಪ್ಪ ತಂತಿ, ಯಾವುದಕ್ಕೆ ತೆಳುವಾದದ್ದೇ ಸಾಕು ಎಂದು ಒಂದೊಂದಾಗಿ ಕೂತು ತೀರ್ಮಾನಿಸಬೇಕು. ಎಲ್ಲಕ್ಕೂ ಒಂದೇ ಗೇಜ್ ಎನ್ನುವುದು ಸೋಮಾರಿತನ. ಮೋಟಾರುಗಳಿಗೆ ಬೇರೆ ಬಸ್, ಕಂಪ್ಯೂಟರುಗಳಿಗೆ ಬೇರೆ ಬಸ್ ಕೊಡಿ. ಕಂಪ್ಯೂಟರ್ 50 ಮಿಲಿಸೆಕೆಂಡ್ ಕರೆಂಟ್ ಹೋದರೂ ತಡೆದುಕೊಳ್ಳುತ್ತದೆಯೇ ಎಂದು ಬೆಂಚಿನಲ್ಲಿ ನಿಜಕ್ಕೂ ಕಿತ್ತು ನೋಡಿ.

ಲೂಮ್ (ತಂತಿಗಳ ಕಟ್ಟು) ಕಟ್ಟುವವರ ಕೈಯಲ್ಲಿ ಬಹಳಷ್ಟಿದೆ. ತಂತಿಯ ತುದಿಗೆ ಅದುಮಿ ಕೂರಿಸಿದ (ಕ್ರಿಂಪ್ ಮಾಡಿದ) 20 ಗೇಜಿನ ಪಿನ್ ಸುಮಾರು 9 ಕಿಲೋ ಎಳೆತ ತಡೆಯಬೇಕು, ಪ್ರತಿ ಪಾಳಿಯ ಆರಂಭದಲ್ಲಿ ಮಾದರಿ ತುಂಡು ಎಳೆದು ನೋಡಿ ಬರೆದಿಡಿ. ಬಾಗು ತ್ರಿಜ್ಯ ತಂತಿಯ ದಪ್ಪದ ಹತ್ತರಷ್ಟಿರಲಿ. ಕ್ಲ್ಯಾಂಪ್‌ಗಳ ನಡುವೆ 60 ಸೆಂ.ಮೀ. ದಾಟಬಾರದು, ಟರೆಟ್ ಹತ್ತಿರ ಇನ್ನೂ ಕಡಿಮೆ. ನಿರೋಧ ಪರೀಕ್ಷೆಗೆ 500 ವೋಲ್ಟ್ ಮೆಗ್ಗರ್ ಹಚ್ಚುವ ಮುಂಚೆ ಎರಡೂ ತುದಿಯ ಪೆಟ್ಟಿಗೆಗಳನ್ನು ಬಿಚ್ಚಿದ್ದೀರಾ ಎಂದು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಇದನ್ನು ಮರೆತರೆ ಒಂದು ಗುಂಡಿ ಒತ್ತಿದ್ದಕ್ಕೆ ಲಕ್ಷಾಂತರ ರೂಪಾಯಿಯ ಕಾರ್ಡ್ ಸುಟ್ಟಿರುತ್ತದೆ.

ತಂತಿಯ ಸುತ್ತಲಿನ ಲೋಹದ ಹೆಣಿಗೆಯ, ಅಂದರೆ ಶೀಲ್ಡ್‌ನ ವಿಷಯದಲ್ಲಿ ಒಂದೇ ಮಾತು. ಶೀಲ್ಡನ್ನು ಬಾಲದಂತೆ ತಿರುಚಿ ಒಂದು ಪಿನ್ನಿಗೆ ಸಿಕ್ಕಿಸಿದರೆ ಹೆಚ್ಚಿನ ಆವರ್ತದಲ್ಲಿ ಅದು ಇಲ್ಲದಂತೆಯೇ. ಕನೆಕ್ಟರ್ ಬೆನ್ನಿನ ಲೋಹಕ್ಕೆ ಸುತ್ತಲೂ ಕಚ್ಚಿಸಬೇಕು. ಬಾಂಡಿಂಗ್ ರೋಧ, ಅಂದರೆ ಲೋಹಕ್ಕೆ ಲೋಹ ತಾಗುವ ಜೋಡಣೆಯ ರೋಧ, 2.5 ಮಿಲಿಓಮ್ ಮೀರಬಾರದು. ಮೀರಿದರೆ ಹತ್ತಕ್ಕೆ ಎಂಟು ಸಲ ವಾಷರ್ ಅಡಿಯಲ್ಲಿ ಬಣ್ಣ ಉಳಿದಿರುತ್ತದೆ. ಕೆರೆದು, ಲೋಹದ ಮುಖ ತೆಗೆದು, ಜೋಡಿಸಿ, ಅಳೆದು, ಆಮೇಲೆ ಅಂಚಿಗೆ ಸೀಲೆಂಟ್ ಹಚ್ಚಿ. ಸೀಲೆಂಟ್ ಮೊದಲು ಹಚ್ಚಿ ಅಳತೆ ಆಮೇಲೆ ಮಾಡುವವರೂ ಇದ್ದಾರೆ.

ಇದೆಲ್ಲದರ ಪರೀಕ್ಷೆ ನಡೆಯುವುದು ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದ ದಿನ. 20 ಉಪಕರಣ ಇದ್ದರೆ ಒಂದೊಂದನ್ನು ಉಳಿದ 19ರ ಎದುರು ನೋಡಬೇಕು, 380 ಜೋಡಿ. ಎಚ್‌ಎಫ್ ರೇಡಿಯೋ ಗುಂಡಿ ಒತ್ತಿದಾಗ ಟರೆಟ್ ನಡುಗುವುದು, ಜಾಮರ್ ಚಾಲೂ ಆದಾಗ ಇಂಧನದ ಮುಳ್ಳು ಅಲುಗುವುದು ಇವು ಹಳೆಯ ಪರಿಚಯಸ್ಥರು. ರಾಕೆಟ್ ತಂತಿಯ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ಪಾಡ್ ಖಾಲಿ ಇರುವಾಗಲೇ ಎಲ್ಲ ರೇಡಿಯೋ, ರೇಡಾರ್ ಚಾಲೂ ಮಾಡಿ, ಸಿಡಿಸುವ ಸಂಪರ್ಕದಲ್ಲಿ ಬೇಡದ ವೋಲ್ಟೇಜ್ ಬರುತ್ತಿಲ್ಲ ಎಂದು ಅಳೆದ ನಂತರವೇ ಆಯುಧ ಹತ್ತಿರ ತರುವುದು.

ಪೆಟ್ಟಿಗೆಗಳು ಒಂದಕ್ಕೊಂದು ಮಾಹಿತಿ ಕಳಿಸುವ 1553 ಡೇಟಾ ಬಸ್ ಹಳೆಯದಾದರೂ ಗಟ್ಟಿ. ಸೆಕೆಂಡಿಗೆ 10 ಲಕ್ಷ ಬಿಟ್, ಒಂದು ಬಸ್ಸಿಗೆ 31 ಟರ್ಮಿನಲ್, ಟ್ರಾನ್ಸ್‌ಫಾರ್ಮರ್ ಮೂಲಕ ಕೊಟ್ಟ ಕವಲು ತಂತಿ 6 ಮೀಟರ್ ಮೀರಬಾರದು, ಎರಡೂ ತುದಿಯಲ್ಲಿ ಟರ್ಮಿನೇಟರ್. ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿದಾಗ ಕವಲು ತಂತಿ ಸದ್ದಿಲ್ಲದೆ 7-8 ಮೀಟರ್ ಆಗಿಬಿಡುತ್ತದೆ. ಆಗ ದೋಷ ಆ ಪೆಟ್ಟಿಗೆಯಲ್ಲಿ ಕಾಣುವುದಿಲ್ಲ, ಪಕ್ಕದ್ದರಲ್ಲಿ ಕಾಣುತ್ತದೆ. ಅದಕ್ಕೇ ಹುಡುಕುವವರಿಗೆ ಹುಚ್ಚು ಹಿಡಿಯುವುದು.

ತಂತಿ ಸರಿಯಾದ ಮೇಲೂ ಕೋನಗಳು ಸರಿಯಾಗಬೇಕು. ಹೆಲ್ಮೆಟ್ ನೋಡಿದತ್ತ ಗನ್ ತಿರುಗಬೇಕು ಎನ್ನುವಾಗ ಹೆಲ್ಮೆಟ್, ಕ್ಯಾಮೆರಾ, ಗನ್, ಮೈಯ ಅಕ್ಷ ನಾಲ್ಕೂ ಒಂದೇ ಭಾಷೆಯಲ್ಲಿ ಮಾತಾಡಬೇಕು. ಒಬ್ಬರಿಗೆ ಮೂತಿ ಮೇಲಕ್ಕೆ ಧನ (+), ಇನ್ನೊಬ್ಬರಿಗೆ ಕೆಳಕ್ಕೆ ಧನ. ಒಬ್ಬರು ಡಿಗ್ರಿ ಕಳಿಸುತ್ತಾರೆ, ಇನ್ನೊಬ್ಬರು ವೃತ್ತವನ್ನು 65,536 ಭಾಗ ಮಾಡಿ ಕಳಿಸುತ್ತಾರೆ. ಇಂಟರ್‌ಫೇಸ್ ದಾಖಲೆಯಲ್ಲಿ ಪ್ರತಿ ಕೋನದ ಪಕ್ಕ ಚಿತ್ರ ಬರೆದು ಬಾಣ ಹಾಕಿಸಿ, ಬರೀ ಮಾತಿನ ವಿವರಣೆ ಸಾಲದು. ವಿಳಂಬ ಇನ್ನೊಂದು ಗುಪ್ತ ಶತ್ರು. ಪೈಲಟ್ ತಲೆಯನ್ನು ಸೆಕೆಂಡಿಗೆ 60 ಡಿಗ್ರಿ ವೇಗದಲ್ಲಿ ತಿರುಗಿಸುವಾಗ ಸರಪಳಿಯಲ್ಲಿ 50 ಮಿಲಿಸೆಕೆಂಡ್ ತಡವಾದರೆ 3 ಡಿಗ್ರಿ ತಪ್ಪು. ಮಿಲಿರೇಡಿಯನ್ನಿನಲ್ಲಿ 52. ಒಂದು ಮಿಲಿರೇಡಿಯನ್ ಎಂದರೆ 1,000 ಮೀಟರಿಗೆ 1 ಮೀಟರ್ ಎಂದು ನೆನಪಿಟ್ಟರೆ ಗುಂಡು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ. ತಲೆ ನಿಂತ ಮೇಲೆಯೇ ಟ್ರಿಗರ್ ಬಿಡುವ ತಡೆ ಸಾಫ್ಟ್‌ವೇರಿನಲ್ಲಿ ಇರಬೇಕು. ಹೆಲ್ಮೆಟ್ ಟ್ರ್ಯಾಕರ್ ಕಾಂತಕ್ಷೇತ್ರದ್ದಾದರೆ ಸೀಟಿನ ಕವಚ ಬದಲಾಯಿಸಿದಾಗಲೂ ಕಾಕ್‌ಪಿಟ್ ನಕ್ಷೆ ಹೊಸದಾಗಿ ಮಾಡಬೇಕು, ‘ಸೀಟು ತಾನೇ’ ಎಂದು ಬಿಟ್ಟರೆ ಎಡಕ್ಕೆ ನೋಡಿದಾಗ ಮಾತ್ರ ಗುರಿ ತಪ್ಪುವ ವಿಚಿತ್ರ ಸ್ನ್ಯಾಗ್ ಬರುತ್ತದೆ.

ಬೋರ್‌ಸೈಟ್ ಮಾಡುವಾಗ, ಅಂದರೆ ಈ ಅಕ್ಷಗಳನ್ನು ಒಂದಕ್ಕೊಂದು ಹೊಂದಿಸುವಾಗ, ಯಂತ್ರ ಜ್ಯಾಕಿನ ಮೇಲೆ ಮಟ್ಟಸವಾಗಿರಲಿ, ಬಿಸಿಲಿನಲ್ಲಿ ಬೇಡ. ಒಂದು ಪಕ್ಕ ಬಿಸಿಯೇರಿದರೆ ಮೈ ಬಾಗುವುದು ಮಿಲಿರೇಡಿಯನ್ ಲೆಕ್ಕದಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸುವುದು ಒಳ್ಳೆಯದು.

ಹೊಡೆಯುವ ಪರೀಕ್ಷೆಯ ಮೆಟ್ಟಿಲುಗಳನ್ನು ಹಾರಿಸಬೇಡಿ. ಮೊದಲು ನೆಲದಲ್ಲಿ ಕಟ್ಟಿಹಾಕಿ ಒಂಟಿ ಗುಂಡು, ಆಮೇಲೆ 10ರ ಗುಚ್ಛ, ಆಮೇಲೆ ಪೂರ್ತಿ. ಪ್ರತಿ ಹಂತದ ನಂತರ ಮೂತಿಯ ರಿವೆಟ್, ಬಾಗಿಲಿನ ಚಿಲಕ, ಗಾಜು, ಕನೆಕ್ಟರ್ ಬಿಗಿ ನೋಡಬೇಕು. ಗಾಳಿಯಲ್ಲಿ ಮುಂದಕ್ಕೆ ಹೊಡೆದ ಮೇಲೆ ಪಕ್ಕಕ್ಕೆ. ರಾಕೆಟ್ಟಿನಲ್ಲಿ ಅಪಾಯ ಬೇರೆ: ಹೊಗೆ ಎಂಜಿನ್ ಬಾಯಿಗೆ ಹೋದರೆ ಒಳಗಿನ ಗಾಳಿ ಥಟ್ಟನೆ ಬಿಸಿಯಾಗಿ ಕಂಪ್ರೆಸರ್ ಕೆಮ್ಮುತ್ತದೆ. ನಿಂತಲ್ಲೇ ತೇಲುತ್ತಾ ಹೊಡೆಯುವುದು ಇದಕ್ಕೆ ಅತಿ ಕೆಟ್ಟ ಸ್ಥಿತಿ, ಮುಂದೆ ಸಾಗುತ್ತಿದ್ದರೆ ಹೊಗೆ ಬೇಗ ಹಿಂದೆ ಉಳಿಯುತ್ತದೆ. ಒಂದು, ಎರಡು, ನಾಲ್ಕು ಎಂದು ಏರಿಸುತ್ತಾ ಎರಡೂ ಎಂಜಿನ್ನಿನ ತಾಪ ಮತ್ತು ವೇಗದ ದಾಖಲೆ ನೋಡಿ, ಆಮೇಲೆ ರಾಕೆಟ್‌ಗಳ ನಡುವಿನ ಅಂತರ ತೀರ್ಮಾನಿಸಿ. ಫ್ಲೇರ್ ಪೆಟ್ಟಿಗೆಯ ಕೋನಕ್ಕೂ ಇದೇ ಎಚ್ಚರ, ರೋಟರಿನ ಗಾಳಿ ಕೆಳಗೆ ತಳ್ಳಿದ ಫ್ಲೇರ್ ಬಾಲದ ರೋಟರಿನತ್ತ ಹೋಗುತ್ತಿಲ್ಲ ಎಂದು ವೇಗದ ಕ್ಯಾಮೆರಾದಲ್ಲಿ ನೋಡಬೇಕು. ಕ್ಷಿಪಣಿ ಎಚ್ಚರಿಕೆಯ ಸೆನ್ಸರ್ ನಾಲ್ಕು ದಿಕ್ಕಿಗಿದ್ದರೂ ರಾಕೆಟ್ ಪಾಡ್ ಹಾಕಿದ ಮೇಲೆ ಕೆಳಗಿನ ಒಂದು ಕೋನ ಮರೆಯಾಗಿರುತ್ತದೆ. ಡ್ರಾಯಿಂಗ್ ಪಾಡ್ ಇಲ್ಲದ್ದು ಆದರೆ ಅದು ಯಾರಿಗೂ ಕಾಣುವುದಿಲ್ಲ.

ಸೇನಾ ವಿಮಾನಗಳಿಗೆ ಹಾರಾಟ ಯೋಗ್ಯತೆಯ ಪ್ರಮಾಣ ಕೊಡುವ ಸೆಮಿಲಾಕ್ ಮತ್ತು ಗುಣಮಟ್ಟ ನೋಡುವ ಡಿಜಿಎಕ್ಯೂಎ ಮುಂದೆ ಕಾಗದ ಇಡುವಾಗ ಅವರು ಮೊದಲು ಕೇಳುವುದು ಯಾವ ಪೆಟ್ಟಿಗೆಯಲ್ಲಿ ಯಾವ ಸಾಫ್ಟ್‌ವೇರ್ ಆವೃತ್ತಿ ಇಟ್ಟು ಯಾವ ಪರೀಕ್ಷೆ ಮಾಡಿದಿರಿ ಎಂದು. ಆ ಪಟ್ಟಿ ಹಾರಾಟದ ದಿನವೇ ಬರೆದಿರಬೇಕು. ಆರು ತಿಂಗಳ ನಂತರ ನೆನಪಿನಿಂದ ಬರೆದ ಪಟ್ಟಿಗೆ ಬೆಲೆಯಿಲ್ಲ, ಪರೀಕ್ಷೆಯನ್ನೇ ಮತ್ತೆ ಮಾಡಿಸುತ್ತಾರೆ.

ಕೊನೆಗೆ ಯಂತ್ರವನ್ನು ಮತ್ತೆ ತೂಗಬೇಕು. ಹ್ಯಾಂಗರ್ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಎಣ್ಣೆ ಪೂರ್ತಿ, ಬಳಸಲಾಗದ ಇಂಧನ ಮಾತ್ರ ಒಳಗೆ, ಜ್ಯಾಕಿನ ಮೇಲೆ ಲೋಡ್ ಸೆಲ್, ಮೂರು ಸಲ ಎತ್ತಿ ಇಳಿಸಿ ಸರಾಸರಿ. ಬಂದ ಸಂಖ್ಯೆಯನ್ನು ಮೊದಲ ದಿನ ತೆರೆದ ಪುಸ್ತಕದ ಮೂರನೇ ಕಾಲಂ ಮೊತ್ತದ ಪಕ್ಕ ಇಡಿ. ವ್ಯತ್ಯಾಸ 5 ಕಿಲೋ ಒಳಗಿದ್ದರೆ ಸಹಿ ಹಾಕಬಹುದು. 30 ಕಿಲೋ ಇದ್ದರೆ ಎಲ್ಲೋ ಡ್ರಾಯಿಂಗಿನಲ್ಲಿಲ್ಲದ ಬ್ರಾಕೆಟ್ ಇದೆ, ಅಥವಾ ತೆಗೆಯಬೇಕಾಗಿದ್ದ ಹಳೆಯ ಲೂಮ್ ನೆಲದ ಹಲಗೆ ಅಡಿ ಇನ್ನೂ ಮಲಗಿದೆ. ಹಲಗೆ ಎತ್ತಿ ನೋಡಿ.